ವಿಲ್ಗಾ ಬೆಂಡ್ ಇಲ್ಲದ ಸಭೆ

ಡಬ್ಬೊ
೯ ಮಾರ್ಚ್

ಜೊಡೀನ್ ಮಗಳೇ,

ಎಡಗೈಯನ್ನು ಯಂತ್ರಕ್ಕೆ ಕೊಟ್ಟಿದ್ದೇನೆ, ಬಲಗೈ ನಿನಗೆ. ವಾರಕ್ಕೆ ಮೂರು ದಿನ ಹೀಗೆ ಡಯಾಲಿಸಿಸ್‌ಗೆ ಕೂರಬೇಕು, ಮೈಯ ರಕ್ತವೆಲ್ಲ ಆಚೆ ಹೋಗಿ ತೊಳೆಸಿಕೊಂಡು ಬರುವ ತನಕ. ಹೊತ್ತು ಹೋಗಬೇಕಲ್ಲ, ಅದಕ್ಕೇ ಕಾಗದ ತರಿಸಿಕೊಂಡೆ. ಫೋನು ಮಾಡು ಎಂದು ನೀನು ಹೇಳುತ್ತೀಯ. ಫೋನಿನಲ್ಲಾದರೆ "ಹ್ಞೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಎಂದು ತಪ್ಪಿಸಿಕೊಳ್ಳುತ್ತೀಯ. ಕಾಗದವಾದರೆ ಕೊನೆಯ ತನಕ ಓದಲೇಬೇಕು.

ನನಗೆ ಇಲ್ಲಿ ಏನೂ ಕಡಿಮೆಯಿಲ್ಲ, ನೀರೊಂದು ಬಿಟ್ಟು. ಕುಡಿಯುವುದಕ್ಕೆ ಅಳತೆ, ಉಪ್ಪು ಬೇಡ, ಬಾಳೆಹಣ್ಣು ಬೇಡ. ಬಾಡಿಗೆ ಕೋಣೆಯ ಕಿಟಕಿ ತೆಗೆದರೆ ಎದುರಿಗೆ ಯಾರೋ ನಿಲ್ಲಿಸಿದ ಕಾರು. ಇಲ್ಲಿನ ಗಾಳಿಗೆ ಯಾವ ವಾಸನೆಯೂ ಇಲ್ಲ. ಪಕ್ಕದ ಯಂತ್ರದಲ್ಲಿ ವಿಲ್ಗಾ ಬೆಂಡ್ ಊರಿನ ರಸ್ ಕೂರುತ್ತಾನೆ, ನಮ್ಮ ಬೆರಿಲ್‌ಳ ತಮ್ಮ. ಅವನೊಬ್ಬ ಇರುವುದಕ್ಕೆ ನಾನು ಬದುಕಿದ್ದೇನೆ. ನನ್ನ ಯಂತ್ರ ಕೂಗಿದಾಗಲೆಲ್ಲ, "ಎಲ್ವಾ, ನಿನ್ ರಕ್ತ ಕುಡ್ದು ಪಾಪ ಅದಕ್ಕೆ ಹೊಟ್ಟೆ ಕೆಟ್ಟೋಗಿದೆ" ಎನ್ನುತ್ತಾನೆ. ನರ್ಸ್ ಹುಡುಗಿ ನಗು ತಡೆಯಲಾರದೆ ಆಚೆ ಹೋಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಾನಿಲ್ಲದಷ್ಟು ದಿನ ನಮ್ಮ ಕುರಾಂಡಿಯ ಪರವಾಗಿ ಪ್ರಾಂತ ಸಭೆಯಲ್ಲಿ ನೀನು ಕೂರಬೇಕೆಂದು ಊರ ಕೂಟದವರು ಹೇಳಿದರಂತೆ, ನೀನು ಬೇಡ ಎಂದೆಯಂತೆ. ಸಭೆ ನಡೆಸುವ ಸೆಸಿಲ್ ಫೋನು ಮಾಡಿ ಚಾಡಿ ಹೇಳಿದ. ಬೇಕು ಬೇಕು ಎಂದು ಹಾರಾಡುವವರನ್ನು ಕಳಿಸಿ ನೋಡಿಯಾಗಿದೆ ಮಗಳೇ. ನಿನ್ನ ಮಾವ ಹೋಗಿ ಬಿಸ್ಕತ್ತು ತಿಂದು ಬಂದ. ನಮ್ಮ ಮೂಲನಿವಾಸಿ ಊರುಗಳ ವಿಷಯ ನಾವೇ ತೀರ್ಮಾನಿಸುತ್ತೇವೆ ಎಂದು ಹಟ ಹಿಡಿದು, ನದಿಯುದ್ದಕ್ಕೂ ಊರಿಗೊಬ್ಬರಂತೆ ಕೂರಿಸಿ ಕಟ್ಟಿದ ಸಭೆ ಅದು. ನಾನು, ಸೆಸಿಲ್, ವಿಲ್ಗಾ ಬೆಂಡಿನ ಪರ ಕೂರುವ ಬೆರಿಲ್ ಕೂದಲು ಕಪ್ಪಗಿದ್ದಾಗ ಶುರು ಮಾಡಿದ್ದು. ಹೆದರಬೇಡ. ಅಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ, ಎಲ್ಲರ ಮಾತೂ ಮುಗಿಯುವ ತನಕ ಮಾತು. ನಿನ್ನ ಊರಿನ ಮಾತು ನೀನಾಡು. ಹಿರಿಯರು ಸುಮ್ಮನೆ ಕೂತರೆ ನೀನೂ ಸುಮ್ಮನೆ ಕೂರು.

ಆರೋಗ್ಯ ಇಲಾಖೆಯವರು ಈ ವರ್ಷ ಇಂಥ ನಾಲ್ಕು ಯಂತ್ರ ಕೊಡುತ್ತಾರಂತೆ, ಒಂದು ಊರಿಗೆ. ಯಾವ ಊರು ಎಂದು ನಮ್ಮ ಸಭೆಯೇ ಹೇಳಬೇಕು. ಕುರಾಂಡಿಗೆ ಬಂದರೆ ನಾನು ಮನೆಗೆ ಬರಬಹುದು. ಇದನ್ನು ಒಮ್ಮೆ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ.

ಒಂದೇ ಕೈಯಲ್ಲಿ ಅಪ್ಪಿಕೊಂಡು,
ನಿನ್ನ ದೊಡ್ಡಮ್ಮ ಎಲ್ವಾ


ಕುರಾಂಡಿ
೩೦ ಮಾರ್ಚ್

ದೊಡ್ಡಮ್ಮಾ,

ಕೊನೆಯ ತನಕ ಓದಿದೆ. ಮಕ್ಕಳಿಗೂ ಓದಿ ಹೇಳಿದೆ. ರಕ್ತ ಆಚೆ ಹೋಗಿ ಬರುತ್ತದೆ ಎಂದದ್ದಕ್ಕೆ ಚಿಕ್ಕವಳು, "ಅದಕ್ಕೆ ವಾಪಸ್ ಬರೋ ದಾರಿ ಹೆಂಗ್ ಗೊತ್ತಾಗತ್ತೆ?" ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ.

ಊರ ಕೂಟಕ್ಕೆ ಕೊನೆಗೆ ಹ್ಞೂಂ ಅಂದಿದ್ದೇನೆ. ನಾನು ಶಾಲೆಯ ಬಸ್ಸು ಓಡಿಸುವವಳು. ನನ್ನ ಮಾತು ಕೇಳುವವರೆಲ್ಲ ಬೆನ್ನ ಹಿಂದೆ ಕೂರುವವರು. "ಕಿಟಕಿಯಿಂದ ಕೈ ಒಳಗ್ ಹಾಕ್ರೋ" ಎನ್ನುವುದೇ ನಾನು ಈವರೆಗೆ ಮಾಡಿದ ಭಾಷಣ. ಹತ್ತು ವರ್ಷ ಸಿಡ್ನಿಯಲ್ಲಿದ್ದು ಬಂದವಳು, ಇಲಾಖೆಯವರ ಕಾಗದ ಪತ್ರ ಅರ್ಥವಾಗುತ್ತದೆ ಎಂದು ನನ್ನನ್ನು ಹಿಡಿದರಂತೆ. ಅದು ನಿಜ, ಆ ಕಾಗದಗಳು ಅರ್ಥವಾಗುತ್ತವೆ. ನಮ್ಮವರೇ ಒಮ್ಮೊಮ್ಮೆ ಅರ್ಥವಾಗುವುದಿಲ್ಲ.

ಮೊನ್ನೆ ಶಾಲೆಯ ಅಂಗಳದಲ್ಲಿ ಊರಿನವರೆಲ್ಲ ಸೇರಿದ್ದರು. ಕಾಂಗರೂ ಬಾಲ ಬೂದಿಯಲ್ಲಿ ಹೂತಿಟ್ಟು, ಬೇಯುವ ತನಕ ಮಾತಾಡೋಣ ಎಂದರು. ಮಾತಾಡುವುದಕ್ಕೆ ಏನೂ ಇರಲಿಲ್ಲ. ಊರ ಕೂಟದ ಡೇಲ್ ಎದ್ದು ನಿಂತು, "ನೋಡು ಜೊಡೀನ್, ರಸ್ತೆ, ನಲ್ಲಿ, ದೀಪ ಎಲ್ಲ ಆಮೇಲೆ. ಎಲ್ವಾ ಆಂಟಿನ ಮನೆಗ್ ಕರ್ಕೊಂಡ್ ಬಾ, ಅಷ್ಟೆ" ಎಂದ. ಎಲ್ಲರೂ ಅದನ್ನೇ ಹೇಳಿದರು. ನಿನ್ನ ಜೊತೆ ಜಗಳವಾಡಿ ಮಾತು ಬಿಟ್ಟವರು ಕೂಡ. "ಅವಳಿಲ್ದೆ ಯಾರನ್ನ ಬೈಯೋದು ನಾನು?" ಎಂದು ಆ ಹಾಲಿನ ಅಂಗಡಿಯವಳೇ ಕಣ್ಣೊರೆಸಿಕೊಂಡಳು.

ನಿನ್ನ ಹಾಸಿಗೆಯ ಮೇಲೆ ನಾಯಿ ಮಲಗುತ್ತದೆ. ಓಡಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಮಲಗುತ್ತದೆ. ಈಗ ಓಡಿಸುವುದನ್ನು ಬಿಟ್ಟಿದ್ದೇನೆ.

ನನ್ನಮ್ಮ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಸಭೆಗೆಲ್ಲ ಹೋಗುತ್ತಿದ್ದೆ ಎಂದು ಹೇಳುತ್ತಿದ್ದೆಯಲ್ಲ, ಈಗ ನಾನು ಹೋಗಿ ನಿನ್ನನ್ನು ತರುತ್ತೇನೆ. ಮಾತು ಕೊಟ್ಟಿದ್ದೇನೆ ಅಂತಲೇ ಇಟ್ಟುಕೋ.

ನಿನ್ನ ಜೊಡೀನ್


ಕುರಾಂಡಿ
೧೮ ಮೇ

ದೊಡ್ಡಮ್ಮಾ ದೊಡ್ಡಮ್ಮಾ,

ಬಂತು! ನಾಲ್ಕು ಯಂತ್ರವೂ ಕುರಾಂಡಿಗೆ! ಆಸ್ಪತ್ರೆಯ ಹಿಂದಿನ ಖಾಲಿ ಕೋಣೆಗೆ ಇನ್ನು ಬಣ್ಣ ಹೊಡೆಯುವುದೊಂದು ಬಾಕಿ. ನೀನು ಮನೆಗೆ ಬರುತ್ತೀಯ. ಈ ಸಾಲನ್ನು ಬರೆಯಲೆಂದೇ ಬೆಳಗ್ಗೆಯಿಂದ ಬಸ್ಸಿನ ಕೆಲಸ ಮುಗಿಯುವುದನ್ನು ಕಾದೆ.

ಹೇಗಾಯಿತು ಎಂದು ಕೇಳು. ನಾನು ಮೊದಲೆಲ್ಲ ನೀನು ಹೇಳಿದಂತೆ ಸುಮ್ಮನೆ ಕೂತಿದ್ದೆ. ವಿಲ್ಗಾ ಬೆಂಡಿನಿಂದ ಯಾರೂ ಬಂದಿರಲಿಲ್ಲ. ಬೆರಿಲ್ ಆಂಟಿಯ ತಮ್ಮ ಹೋದ ಸುದ್ದಿ ನನಗಿಂತ ಮೊದಲೇ ನಿನಗೆ ಗೊತ್ತು, ನಿನ್ನ ಪಕ್ಕದವರೇ ಅಲ್ಲವೇ. ತುಂಬ ಬೇಜಾರಾಯಿತು ದೊಡ್ಡಮ್ಮ. ಆ ಊರಿಗೆ ಊರೇ ದುಃಖದ ಕೆಲಸದಲ್ಲಿದೆ, ಮಣ್ಣಾಗುವುದಕ್ಕೆ ಇನ್ನೂ ದಿನ ಹಿಡಿಯುತ್ತದೆ ಎಂದು ಸೆಸಿಲ್ ಅಂಕಲ್ ಹೇಳಿದರು. ಇಲಾಖೆಯ ಬ್ರಿಜೆಟ್ ಬಂದಿದ್ದಳು. ಪಾಪ, ಒಳ್ಳೆಯ ಹುಡುಗಿ. ಜೂನ್ ಕೊನೆಯೊಳಗೆ ಊರಿನ ಹೆಸರು ಹೇಳದಿದ್ದರೆ ಯಂತ್ರ ಬೇರೆ ಪ್ರಾಂತಕ್ಕೆ ಹೋಗುತ್ತದೆ, ಇವತ್ತೇ ಹೇಳಿಬಿಟ್ಟರೆ ಒಳ್ಳೆಯದು ಎಂದಳು. ಎಲ್ಲರೂ ನೆಲ ನೋಡುತ್ತ ಕೂತರು. ಸೆಸಿಲ್ ಅಂಕಲ್ ಟೀ ಕುಡಿದು ಬರೋಣ ಎಂದರು. ಟೀ ಕುಡಿದು ಬಂದ ಮೇಲೂ ನೆಲವನ್ನೇ ನೋಡಿದರು.

ನಾನು ಎದ್ದು ನಿಂತೆ. ಎಲ್ಲಿಂದ ಧೈರ್ಯ ಬಂತೋ ಕಾಣೆ. "ಕುರಾಂಡಿಗೆ ಕೊಡಿ. ವಿಲ್ಗಾ ಬೆಂಡ್‌ನೋರು ಬೇಡ ಅನ್ನಲ್ಲ, ಅವರಿಗೂ ಇಲ್ಲಿಗೆ ಬರೋಕೆ ಒಂದೂವರೆ ಗಂಟೆ ದಾರಿ ಅಷ್ಟೆ. ಡಬ್ಬೊಗಿಂತ ಎಷ್ಟೋ ಪಾಲು ಹತ್ರ" ಎಂದೆ. ಯಾರೂ ಒಂದು ಮಾತೂ ಎದುರಾಡಲಿಲ್ಲ. ಬ್ರಿಜೆಟ್ ಬರೆದುಕೊಂಡಳು. ಮುಗಿಯಿತು!

ಸೆಸಿಲ್ ಅಂಕಲ್ ಹೊರಡುವಾಗ, "ಎಲ್ವಾಗೆ ನೀನೇ ಬರೆದು ಹೇಳು" ಎಂದರಷ್ಟೆ. ಅವರಿಗೆ ವಯಸ್ಸಾಯಿತು, ದಣಿದಿದ್ದರು.

ನಿನ್ನ ಕೋಣೆ ತೊಳೆದಿದ್ದೇನೆ. ನಾಯಿಗೆ ಆಚೆ ಬೇರೆ ಕಂಬಳಿ ಹಾಕಿದ್ದೇನೆ. ಮಕ್ಕಳು ಗೋಡೆಯ ಮೇಲೆ ನಿನ್ನ ಹೆಸರು ಬರೆದು ಸುತ್ತ ಮೀನು ಬಿಡಿಸಿದ್ದಾರೆ, ಒಂದಕ್ಕೆ ಕಾಲುಗಳಿವೆ.

ಕುಣಿಯುತ್ತಿರುವ
ಜೊಡೀನ್


ಡಬ್ಬೊ
೨೭ ಮೇ

ಜೊಡೀನ್,

ಮೊದಲ ಸಲ ಓದಿದಾಗ ಪೆಟ್ಟಿಗೆ ತೆಗೆದು ಹಾಸಿಗೆಯ ಮೇಲಿಟ್ಟೆ. ಎರಡನೇ ಸಲ ಓದಿದ ಮೇಲೆ ಅದನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ.

ವಿಲ್ಗಾ ಬೆಂಡಿನವರು ಬೇಡ ಅನ್ನುವುದಿಲ್ಲ ಎಂದು ನಿನಗೆ ಹೇಳಿದವರು ಯಾರು? ಬೆರಿಲ್ ಹೇಳಿದಳೇ? ಅವಳು ತಮ್ಮನ ಹೆಣ ಕಾಯುತ್ತ ಕೂತಿದ್ದಳು. ಆ ಊರಿನ ಯಾರಾದರೂ ಹೇಳಿದರೇ? ನೀನು ಆ ಮಾತು ಆಡಿದ ಮೇಲೆ ಯಾರೂ ಎದುರಾಡಲಿಲ್ಲ ಎಂದು ಬರೆದಿದ್ದೀಯ. ಒಪ್ಪಿ ಸುಮ್ಮನಾದರು ಎಂದುಕೊಂಡೆಯಾ? ನಾಚಿಕೆಯಿಂದ ಸುಮ್ಮನಾದರು ಮಗಳೇ. ನಿನ್ನ ಪರವಾಗಿ ಅವರು ನಾಚಿಕೊಂಡರು.

ಪಕ್ಕದ ಯಂತ್ರ ಖಾಲಿ ಇದೆ. ಹೋದವರ ಹೆಸರು ಹೇಳಬಾರದಲ್ಲ, ಅವನ ಹೆಸರನ್ನು ನಾನು ಇನ್ನು ಬರೆಯುವುದಿಲ್ಲ, ನೀನೂ ಮಕ್ಕಳ ಬಾಯಲ್ಲಿ ಬರದಂತೆ ನೋಡಿಕೋ. ಮನೆಗೆ ಹೋಗಬೇಕೆಂದು ಹಂಬಲಿಸಿ ಹಂಬಲಿಸಿ ಇಲ್ಲೇ ಹೋದ.

ವಿಲ್ಗಾ ಬೆಂಡಿಗೆ ಹೋಗು. ಅವರ ಕೆಲಸ ಮುಗಿಯುವ ತನಕ ಕಾದು, ಆಮೇಲೆ ಹೋಗು. ಸಭೆ ಮತ್ತೆ ಕೂರಬೇಕು.

ದೊಡ್ಡಮ್ಮ


ಕುರಾಂಡಿ
೩ ಜೂನ್

ದೊಡ್ಡಮ್ಮ,

ಮತ್ತೆ ಕೂರಬೇಕಂತೆ! ಮತ್ತೆ ಕೂತರೆ ಏನಾಗುತ್ತದೆ ಎಂದು ನಿನಗೆ ಗೊತ್ತಿಲ್ಲವೇ? ಅವರ ಊರಿನಲ್ಲಿ ನಮಗಿಂತ ಹೆಚ್ಚು ಜನರಿಗೆ ಈ ಕಾಯಿಲೆ. ಬೆರಿಲ್ ಆಂಟಿ ಒಂದು ಮಾತಾಡಿದರೆ ಸಾಕು, ಯಂತ್ರ ಅಲ್ಲಿಗೆ ಹೋಗುತ್ತದೆ. ಇಲ್ಲವೇ ಜೂನ್ ಮುಗಿದು ಯಾರಿಗೂ ಇಲ್ಲದಂತಾಗುತ್ತದೆ. ನಾನು ಯಾರ ಮನೆ ಕದ್ದೆ? ಊರಿಗೆ ಊರೇ ನಿನ್ನನ್ನು ಕರೆದುಕೊಂಡು ಬಾ ಎಂದಿತು, ಕರೆದುಕೊಂಡು ಬರುವ ದಾರಿ ಹುಡುಕಿದೆ. ನೀನು ಹೇಳಿದ ಹಾಗೆ ಸುಮ್ಮನೆ ಕೂತಿದ್ದರೆ ಇವತ್ತಿಗೂ ಅಲ್ಲೇ ನೆಲ ನೋಡುತ್ತಿರುತ್ತಿದ್ದೆವು.

ನಿನಗೆ ನಿನ್ನ ಸಭೆಯೇ ದೊಡ್ಡದು. ನಾನು ಚಿಕ್ಕವಳಿದ್ದಾಗಲೂ ಹಾಗೇ. ನನ್ನ ಓಟದ ಪಂದ್ಯದ ದಿನ ನೀನು ಬರಲಿಲ್ಲ, ಸಭೆ ಇತ್ತು.

ಕಳೆದ ವಾರ ಫೋನು ಮಾಡಿದಾಗ ನಿನ್ನ ದನಿ ಎಷ್ಟು ಸಣ್ಣಗಾಗಿತ್ತು ಗೊತ್ತೇ? ನರ್ಸನ್ನು ಕೇಳಿದೆ. "ಅವರಿಗೆ ಮನೆ ನೆನಪು ಜಾಸ್ತಿ, ಊಟ ಬಿಡ್ತಾ ಇದಾರೆ" ಎಂದಳು. ನೀನೂ ಅಲ್ಲೇ ಹೋಗಿಬಿಟ್ಟರೆ ನಾನೇನು ಮಾಡಲಿ? ನನಗೆ ಇರುವ ಅಮ್ಮ ನೀನೊಬ್ಬಳೇ.

ಹೋಗುವುದಿಲ್ಲ ನಾನು.

ಜೊಡೀನ್


ಡಬ್ಬೊ
೮ ಜೂನ್

ನನ್ನ ಕಂದಾ,

ಓಟದ ಪಂದ್ಯಕ್ಕೆ ಬರಬೇಕಿತ್ತು. ನೀನು ಗೆದ್ದ ರಿಬ್ಬನ್ ಇನ್ನೂ ನನ್ನ ಹತ್ತಿರ ಇದೆ, ಅದನ್ನು ನೀನು ಕಸಕ್ಕೆ ಎಸೆದಿದ್ದೆ.

ಒಂದು ವಿಷಯ ನಿನಗೆ ಸರಿಯಾಗಿ ಹೇಳಿಲ್ಲ. ಲಾರಿಯ ಕಥೆ ಗೊತ್ತು ಎನ್ನುತ್ತೀಯ, ಎಲ್ಲರಿಗೂ ಗೊತ್ತು. ನನ್ನಮ್ಮ ಹೇಳುತ್ತಿದ್ದ ಹಾಗೆ ಬರೆಯುತ್ತೇನೆ, ಕೇಳು. ಅವಳು ಆಗ ಹುಡುಗಿ. ಕುರಾಂಡಿಯ ನದಿ ದಂಡೆಯಲ್ಲಿ ಬೆಳಗ್ಗೆ ರೊಟ್ಟಿ ಬೂದಿಯಲ್ಲಿತ್ತು. ಮೂಲನಿವಾಸಿಗಳ ಮೇಲೆ ಸರ್ಕಾರ ಇಟ್ಟಿದ್ದ ಬೋರ್ಡಿನವರು ಲಾರಿ ತಂದು ಹತ್ತಿ ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ರೊಟ್ಟಿ ತೆಗೆಯುವುದಕ್ಕೂ ಬಿಡಲಿಲ್ಲ. ನಾಯಿಗಳು ಬಹಳ ದೂರ ಹಿಂದೆ ಓಡಿ ಬಂದವಂತೆ. ಸಂಜೆಗೆ ನಮ್ಮಂಥವರನ್ನು ಕೂಡಿಹಾಕುತ್ತಿದ್ದ ವಿಲ್ಗಾ ಬೆಂಡಿನ ಮಿಷನ್ನಿನಲ್ಲಿ ಇಳಿಸಿ, ಇನ್ನು ಮೇಲೆ ನಿಮ್ಮ ಊರು ಇದು ಎಂದರು.

ನಮ್ಮನ್ನು ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ವಿಲ್ಗಾ ಬೆಂಡಿನವರನ್ನೂ ಯಾರೂ ಕೇಳಿರಲಿಲ್ಲ. ಅವರ ನೆಲ, ಅವರ ನೀರು, ಅವರ ಮೀನು. ಒಂದು ಸಂಜೆ ಲಾರಿಯ ತುಂಬ ಪರಜನ ಬಂದು ಇಳಿದರು. ಅವರಿಗೆ ನಮ್ಮ ಮೇಲೆ ಸಿಟ್ಟು ಮಾಡುವ ಹಕ್ಕಿತ್ತು. ಬೆರಿಲ್‌ಳ ಅಜ್ಜಿ ತನ್ನ ಮಕ್ಕಳನ್ನು ಒಂದು ಪಕ್ಕಕ್ಕೆ ಸರಿಸಿ ಗುಡಿಸಲಿನ ಇನ್ನೊಂದು ಪಕ್ಕ ನನ್ನಮ್ಮನಿಗೆ ಬಿಟ್ಟಳು. ನಮ್ಮವರು ಕದ್ದು ನಡೆದು ವಾಪಸ್ಸು ಬರುವ ತನಕ ವರ್ಷಗಟ್ಟಲೆ ಹಾಗೇ ಇದ್ದರು.

ಆ ಲಾರಿ ಕಳಿಸಿದವರೂ ಎಲ್ಲೋ ಒಂದು ಕೋಣೆಯಲ್ಲಿ ಕೂತು, ಅವರು ಬೇಡ ಅನ್ನಲ್ಲ ಬಿಡಿ ಎಂದಿರಬೇಕು. ಅದಕ್ಕೇ ನಾವು ಈ ಸಭೆ ಕಟ್ಟಿದ್ದು ಮಗಳೇ. ಅಲ್ಲಿಲ್ಲದವರ ಮಾತನ್ನು ಯಾರೂ ಆಡಬಾರದು ಎಂದು.

ನಿನಗೆ ಸುಳ್ಳು ಹೇಳುವುದಿಲ್ಲ. ಮನೆಗೆ ಬರಬೇಕೆಂದು ನನಗೆಷ್ಟು ಆಸೆ ಎಂದರೆ, ಯಾರಾದರೂ ಕಾರಿನ ಬಾಗಿಲು ಹಾಕಿದ ಸದ್ದಾದರೆ ನೀನೇ ಬಂದೆ ಎಂದು ಕಿಟಕಿಗೆ ಹೋಗುತ್ತೇನೆ. ಆದರೆ ಬೆರಿಲ್‌ಳಿಂದ ಕಿತ್ತುಕೊಂಡ ಯಂತ್ರಕ್ಕೆ ಕೈ ಕೊಟ್ಟು ನಮ್ಮೂರಿನಲ್ಲಿ ಹೇಗೆ ಕೂರಲಿ? ನೀನು ಹೋಗಲೇಬೇಕು ಎಂದು ನಾನು ಹೇಳಲಾರೆ. ಕುರಾಂಡಿಗಾಗಿ ಈಗ ಮಾತಾಡುವವಳು ನೀನು. ನನಗೆ ಅನ್ನಿಸಿದ್ದು ಬರೆದೆ, ಅಷ್ಟೆ.

ಊಟ ಮಾಡುತ್ತಿದ್ದೇನೆ. ನರ್ಸಿಗೆ ಬಾಯಿ ಜಾಸ್ತಿ.

ನಿನ್ನ ದೊಡ್ಡಮ್ಮ


ಕುರಾಂಡಿ
೨೯ ಜೂನ್

ದೊಡ್ಡಮ್ಮ,

ಹೋಗಿದ್ದೆ. ಮೊದಲು ನಮ್ಮ ಊರ ಕೂಟಕ್ಕೆ ಹೇಳಿದೆ. ಡೇಲ್ ಸಿಟ್ಟಾಗಿ ಕುರ್ಚಿ ತಳ್ಳಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು, "ಎಲ್ವಾ ಆಂಟಿ ಹೇಳಿದ್ ಮೇಲೆ ಇನ್ನೇನು, ಹೋಗು. ನನ್ ಕಾರ್ ತಗೊಂಡ್ ಹೋಗು, ನಿಂದು ದಾರೀಲೇ ಕೂತ್ಕೊಳತ್ತೆ" ಎಂದ.

ವಿಲ್ಗಾ ಬೆಂಡಿನಲ್ಲಿ ಮಣ್ಣು ಮಾಡಿ ಎಲ್ಲ ಕೆಲಸ ಮುಗಿದಿತ್ತು. ಬೆರಿಲ್ ಆಂಟಿಯ ಬೇಲಿಯ ಆಚೆ ಮರದ ಕೆಳಗೆ ಕೂತೆ. ಅವರು ಜಗಲಿಯಲ್ಲೇ ಇದ್ದರು, ನನ್ನನ್ನು ನೋಡಿದರು, ಕರೆಯಲಿಲ್ಲ. ನಾನೂ ಕೂಗಲಿಲ್ಲ. ಬಿಸಿಲು ಬಂದ ಹಾಗೆ ನೆರಳಿನ ಜೊತೆ ಸರಿದು ಸರಿದು ಕೂತೆ. ಮಧ್ಯಾಹ್ನ ಯಾರೋ ಟೀ ತಂದುಕೊಟ್ಟು ಮಾತಾಡದೆ ಹೋದರು. ಸಂಜೆಯ ಹೊತ್ತಿಗೆ ಅವರೇ ಎದ್ದು ಬಂದರು.

"ಯಂತ್ರ ನಿಮ್ಮೂರಿಗೆ ಹೋದ್ರೆ ನಮ್ಮೂರಿಗೆ ಪರವಾಗಿಲ್ಲ ಅಂದ್ಯಂತೆ."

"ಅಂದೆ ಆಂಟಿ."

"ನೀನು ಈ ಊರ್ನೋಳಾ?"

"ಅಲ್ಲ."

"ನಾನೇನ್ ಸತ್ ಹೋಗಿದ್ನಾ?"

"ಇಲ್ಲ ಆಂಟಿ."

"ತಮ್ಮನ್ನ ಮಣ್ಣು ಮಾಡೋಕ್ ಹೋಗಿದ್ದೆ. ವಾಪಸ್ ಬರ್ತಿದ್ದೆ. ಕಾಯ್ಬೇಕಿತ್ತು."

ತಪ್ಪಾಯಿತು ಎನ್ನುವಷ್ಟರಲ್ಲೇ ಅತ್ತುಬಿಟ್ಟೆ. ಅವರು ಬಿಡಲಿಲ್ಲ. "ಅಳು, ಅಳು. ಅತ್ತು ಮುಗಿಸಿ ಒಳಗ್ ಬಾ, ಸಾರು ತಣ್ಣಗಾಗ್ತಿದೆ. ಎಲ್ವಾನೂ ಹಿಂಗೇ, ಮೂಗು ಕೆಂಪು ಮಾಡ್ಕೊಂಡು ಅಳೋಳು" ಎಂದರು. ಒಳಗೆ ನಿನ್ನ ಬಗ್ಗೆ ಒಂದೂ ಮಾತು ಕೇಳಲಿಲ್ಲ.

ಬ್ರಿಜೆಟ್ ತನ್ನ ಮೇಲಿನವರ ಹತ್ತಿರ ಬೈಸಿಕೊಂಡು ನಮಗೆ ಇನ್ನೊಂದು ಸಭೆಯ ಹೊತ್ತು ಗಿಟ್ಟಿಸಿದಳು. ಸಭೆ ನಿನ್ನೆ ವಿಲ್ಗಾ ಬೆಂಡಿನಲ್ಲೇ ನಡೆಯಿತು. ಅಲ್ಲೇ ಮಾಡೋಣ ಎಂದು ಕೇಳಿದವಳು ನಾನು. ಮೊದಲು ಎದ್ದವಳೂ ನಾನೇ. "ಹೋದ ಸಲ ನಾನು ಆಡಿದ್ದು ನನ್ನ ಮಾತಲ್ಲ, ವಾಪಸ್ ತಗೋತೀನಿ" ಎಂದೆ. ಆಮೇಲೆ ನನ್ನ ಮಾತು ಆಡಿದೆ ದೊಡ್ಡಮ್ಮ. ಕುರಾಂಡಿಗೂ ಬೇಕು ಎಂದೆ. ನಮ್ಮ ದೊಡ್ಡಮ್ಮ ಮನೆಗೆ ಬರಬೇಕು ಎಂದೆ. ನೀನು ಹಿರಿಯಳು ಎಂದಲ್ಲ, ಸಭೆ ಕಟ್ಟಿದವಳು ಎಂದಲ್ಲ, ನೀನಿಲ್ಲದೆ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ ಎಂದೆ. ಮುಗಿಸಿ ಕೂತೆ.

ಬೆರಿಲ್ ಆಂಟಿ ಕೊನೆಯಲ್ಲಿ ಮಾತಾಡಿದರು, ಕೂತಲ್ಲಿಂದಲೇ. "ಒಂದೂವರೆ ಗಂಟೆ ದಾರಿ, ನಿಜ. ಮಳೆ ಬಂದ್ರೆ ಆ ಕಪ್ಪು ಮಣ್ಣಿನ ರಸ್ತೆ ವಾರಗಟ್ಲೆ ಮುಚ್ಚತ್ತೆ. ಡಾಂಬರು ರಸ್ತೆ ಇರೋದು ಕುರಾಂಡಿಯಿಂದ ಡಬ್ಬೊಗೆ. ಮಳೇಲಿ ನಾವು ಎಲ್ಲಿಗೂ ಹೋಗೋಕಾಗಲ್ಲ, ಅವರು ಹೋಗ್ಬೋದು. ನಮ್ಮಲ್ಲಿ ಕಾಯಿಲೆಯೋರು ಐದು ಜನ ಇದ್ರು. ಈಗ ನಾಲ್ಕು." ಆಗ ಎಲ್ಲರೂ ಸುಮ್ಮನಾದರು, ಈ ಸಲದ ಮೌನ ಯಾವ ಥರದ್ದು ಎಂದು ನನಗೂ ಗೊತ್ತಾಯಿತು. ಸೆಸಿಲ್ ಅಂಕಲ್ ನನ್ನ ಕಡೆ ನೋಡಿದರು. ನಾನು ಹೇಳಿದ ಹೊರತು ಅವರು ಬರೆಸುವವರಲ್ಲ ಎಂದು ಕಂಡಿತು. ವಿಲ್ಗಾ ಬೆಂಡಿಗೆ ಹೋಗಲಿ ಎಂದು ನಾನೇ ಹೇಳಿದೆ.

ನಿನ್ನನ್ನು ಮನೆಗೆ ತರುತ್ತೇನೆ ಎಂದಿದ್ದೆ, ತರಲಿಲ್ಲ. ಆ ಸಭೆಯಲ್ಲಿ ನಾನು ಮಾಡಿದ್ದು ಸರಿ ಎಂದು ಗೊತ್ತು. ಮನೆಗೆ ಬಂದು ನಿನ್ನ ಕೋಣೆಯ ಬಾಗಿಲು ಹಾಕಿದೆ.

ಜೊಡೀನ್


ಕುರಾಂಡಿ
೨೪ ಜುಲೈ

ದೊಡ್ಡಮ್ಮ,

ಕಾಗದವಿಲ್ಲ. ಫೋನಿಗೂ ಬರುವುದಿಲ್ಲವಂತೆ. ನರ್ಸ್, "ಚೆನ್ನಾಗಿದಾರೆ, ಮಲ್ಗಿದಾರೆ" ಎನ್ನುತ್ತಾಳೆ, ಹಾಡುಹಗಲಿನಲ್ಲಿ ನೀನು ಯಾವತ್ತು ಮಲಗಿದವಳು?

ಮಕ್ಕಳು ಕೇಳುತ್ತಾರೆ. ಏನು ಹೇಳಲಿ ಎಂದಾದರೂ ಬರೆ. ಬೈದು ಬರೆದರೂ ಪರವಾಗಿಲ್ಲ.

ನಿನ್ನ ಜೊಡೀನ್


ಡಬ್ಬೊ
೧೬ ಆಗಸ್ಟ್

ಜೊಡೀನ್ ಮಗಳೇ,

ನಾನು ನಿನ್ನ ಮೇಲೆ ಸಿಟ್ಟಾಗಿದ್ದೆ. ನೀನು ತಪ್ಪು ಮಾಡಿದೆ ಎಂದಲ್ಲ, ನಾನು ಹೇಳಿದಂತೆ ಮಾಡಿದೆ ಎಂದು. ಅಷ್ಟೆಲ್ಲ ಲಾರಿ, ಬೋರ್ಡು ಎಂದು ದೊಡ್ಡ ಮಾತು ಬರೆದು ಅಂಚೆಗೆ ಹಾಕಿ ಬಂದವಳು, ದಾರಿಯಲ್ಲೇ ಅಂದುಕೊಂಡೆ, ಈ ಹುಡುಗಿ ನನ್ನ ಮಾತು ಯಾವತ್ತು ಕೇಳಿದ್ದಾಳೆ, ಇದನ್ನೂ ಕೇಳದಿರಲಿ ಎಂದು. ನಿನ್ನ ಕಾಗದ ಬಂತು. ನೀನು ಮಾತು ಕೇಳಿಬಿಟ್ಟಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಯಂತ್ರಕ್ಕೂ ಎರಡು ಸಲ ಹೋಗಲಿಲ್ಲ, ನರ್ಸ್ ಕೋಣೆಯ ತನಕ ಬಂದು ಬೈದು ಎಳೆದುಕೊಂಡು ಹೋದಳು. ಇದನ್ನು ನಿನಗೆ ಹೇಳಬಾರದು ಎಂದು ಅವಳ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ, ಈಗ ನಾನೇ ಹೇಳಿದೆ. ಮಾಡಬಾರದಿತ್ತು. ನಿನ್ನನ್ನು ಅಷ್ಟು ದಿನ ಕಾಯಿಸಲೂಬಾರದಿತ್ತು.

ಮೊನ್ನೆ ಬೆರಿಲ್ ಬಂದಿದ್ದಳು.

ಅಷ್ಟು ದೂರದಿಂದ ಒಬ್ಬಳೇ ಕಾರು ಓಡಿಸಿಕೊಂಡು, ಆ ಮಸುಕು ಕಣ್ಣಿನಲ್ಲಿ. ದಾರಿಯಲ್ಲಿ ಎದುರಿಗೆ ಬಂದವರು ದೇವರ ದಯೆಯಿಂದ ಬದುಕಿದ್ದಾರೆ. ಬಂದವಳು ಮೊದಲು ಖಾಲಿ ಯಂತ್ರದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಪಕ್ಕ ಕೂತಳು. ಬಹಳ ಹೊತ್ತು ಇಬ್ಬರೂ ಅವನ ಬಗ್ಗೆ ಮಾತಾಡದೆ ಅವನನ್ನೇ ನೆನೆದೆವು. ಆಮೇಲೆ ಹೇಳಿದಳು.

"ಯಂತ್ರ ಅಕ್ಟೋಬರ್‌ಗೆ ಬರತ್ತೆ. ನಮ್ಮೋರು ನಾಲ್ಕು ಜನ, ಸರದಿ ಹಾಕಿದ್ರೆ ಜಾಗ ಮಿಗತ್ತೆ. ಊರಲ್ಲಿ ಎಲ್ಲಾರ್ನೂ ಕೇಳ್ಕೊಂಡೇ ಬಂದಿದೀನಿ, ಎಲ್ಲಾರೂ ಹ್ಞೂಂ ಅಂದ್ರು. ನಮ್ಮನೇಲಿ ಬಿಸಿಲು ಬೀಳೋ ಕಡೆ ಒಂದು ಕೋಣೆ ಇದೆ. ನಮ್ಮೂರಿಗೆ ಬಂದು ಇರ್ತೀಯಾ ಎಲ್ವಾ?"

ಕೇಳಿ ಕಾಯುತ್ತ ಕೂತಳು.

ಜೊಡೀನ್, ನನಗೆ ಇಷ್ಟು ವಯಸ್ಸಾಯಿತು. ಶಾಲೆಯ ವಯಸ್ಸಿನಲ್ಲಿ ಮನೆಗೆಲಸಕ್ಕೆ ಎಂದು ಎಲ್ಲೋ ಕಳಿಸಿದರು, ಅಲ್ಲಿಂದ ಇನ್ನೆಲ್ಲೋ ಕಳಿಸಿದರು, ಮದುವೆಯಾದ ಮೇಲೆ ಮನೆ ಇಲ್ಲಿ ಕೊಟ್ಟಿದ್ದೇವೆ ಹೋಗಿ ಎಂದರು, ಕಿಡ್ನಿ ಹೋದ ಮೇಲೆ ಡಬ್ಬೊಗೆ ಹೋಗಿ ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದವರೂ ಇದ್ದರು. ಇರುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಮೊದಲ ಸಲ ಕೇಳಿಸಿಕೊಂಡಾಗ ಉತ್ತರ ಹೇಗೆ ಕೊಡುವುದು ಎಂದೇ ತಿಳಿಯಲಿಲ್ಲ. ಯೋಚಿಸಬೇಕು ಎಂದೆ. ಬೆರಿಲ್, "ಯೋಚ್ಸು" ಎಂದಳು. ಯಂತ್ರದ ಕೆಲಸ ಮುಗಿಯಿತು, ಹೇಳಲಿಲ್ಲ. ಅವಳನ್ನು ಕೋಣೆಗೆ ಕರೆದುಕೊಂಡು ಹೋದೆ, ಟೀ ಮಾಡಿಕೊಟ್ಟೆ, ಹೇಳಲಿಲ್ಲ. ಮುಂದಿನ ಬೀದಿಯಲ್ಲಿ ಸುತ್ತಾಡಿಸಿ ಅಂಗಡಿಗಳನ್ನು ತೋರಿಸಿದೆ. ಪಾಪ, ಮುದುಕಿಗೆ ಮಂಡಿ ನೋವು, ಆದರೂ ಜೊತೆಗೆ ಬಂದಳು. ಒಂದು ಸಲವೂ ಬೇಗ ಹೇಳು ಎನ್ನಲಿಲ್ಲ. ನನಗೆ ಏನು ಖುಷಿ ಎನ್ನುತ್ತೀ! ಉತ್ತರ ಮೊದಲೇ ಗೊತ್ತಿತ್ತು, ಸುಮ್ಮನೆ ಇಟ್ಟುಕೊಂಡಿದ್ದೆ, ಸಂಜೆಯ ತನಕ. ಕೊನೆಗೆ ಅವಳು ಕಾರಿನ ಬಾಗಿಲು ತೆಗೆಯುವಾಗ, "ಬರ್ತೀನಿ" ಎಂದೆ.

"ಗೊತ್ತಿತ್ತು ಬಿಡು. ಸಾಯ್ಸಿದ್ಯಲ್ಲೇ ನನ್ನ" ಎಂದು ಬೈದು ಅತ್ತಳು. ಅವಳ ಮೂಗೂ ಕೆಂಪಗಾಗುತ್ತದೆ.

ಪ್ರಾಂತ ಸಭೆಯ ವಿಷಯಕ್ಕೆ ಸೆಸಿಲ್ ಫೋನು ಮಾಡಿದ್ದ. ಹತ್ತಿರ ಬಂದ ಮೇಲೆ ಮತ್ತೆ ನೀನೇ ಕೂರುತ್ತೀಯ ಅಲ್ಲವೇ ಎಂದ. ಕುರಾಂಡಿಯವರನ್ನು ಕೇಳು, ನನ್ನನ್ನು ಕೇಳಬೇಡ ಎಂದೆ. ನನಗೆ ಗೊತ್ತಿರುವ ಮಟ್ಟಿಗೆ ಅವರು ನಿನ್ನನ್ನು ಬಿಡುವುದಿಲ್ಲ. ಬೇಡ ಎಂದು ಒಂದೆರಡು ಸಲ ಹೇಳಿ ನೋಡು, ಚೆಂದಕ್ಕೆ.

ವಿಲ್ಗಾ ಬೆಂಡ್ ನನ್ನ ಊರಲ್ಲ, ನನಗೆ ಗೊತ್ತು, ಅವರಿಗೂ ಗೊತ್ತು. ಅಲ್ಲಿ ನಾನು, ಬರುತ್ತೀಯಾ ಎಂದು ಅವರು ಕೇಳಿದ್ದಕ್ಕೆ ಬಂದವಳಾಗಿ ಇರುತ್ತೇನೆ. ಶನಿವಾರ ಮಧ್ಯಾಹ್ನ ಯಂತ್ರದಿಂದ ಬಿಡಿಸಿಕೊಂಡರೆ ಮಂಗಳವಾರದ ತನಕ ನನ್ನನ್ನು ಯಾರೂ ಕಟ್ಟಿಹಾಕುವುದಿಲ್ಲ. ಮಳೆಯಿಲ್ಲದ ಶನಿವಾರ ಡೇಲ್‌ನ ಕಾರು ತೆಗೆದುಕೊಂಡು ಬಂದು ಬೇಲಿಯ ಹತ್ತಿರ ನಿಲ್ಲಿಸು. ನಾನು ಪೆಟ್ಟಿಗೆ ಹಿಡಿದು ಜಗಲಿಯಲ್ಲೇ ಕೂತಿರುತ್ತೇನೆ.

ಮನೆಗೆ ಬರುತ್ತೀಯಾ ಎಂದು ನೀನು ಮಾತ್ರ ಕೇಳಬೇಡ. ಬಾಗಿಲು ತೆಗೆದು ಕೂರಿಸಿಕೊಂಡು ಹೊರಡು.

ನಿನ್ನ ದೊಡ್ಡಮ್ಮ
ಎಲ್ವಾ